ಹೊಸ್ತಿಲ ಚಕ್ಕೆ

ಹೊಸ್ತಿಲಿನ ಚಕ್ಕೆಯನ್ನು ಕಂಡಕಂಡವರ ಕೈಗೆಲ್ಲ ಕೊಡಬೇಡಿ ಎಂದು ನಮ್ಮೂರಿನಲ್ಲಿ ಬಾಯಿ ನೋಯುವಷ್ಟು ಹೇಳಿದವಳು ನಾನು. ಯಾರು ಕೇಳುತ್ತಾರೆ? ಹಿಟ್ಟಿನ ಗಿರಣಿಯ ಗೌರಮ್ಮ, ಗಿರಣಿ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸ, ಸುಮ್ಮಸುಮ್ಮನೆ ಕೂಗುತ್ತಾಳೆ ಎಂದುಕೊಂಡರು. ಚಕ್ಕೆ ಎಂದರೆ ಏನು ಮಹಾ, ಉಗುರಿನಷ್ಟು ಮರ. ಬಾಗಿಲ ಹೊಸ್ತಿಲಿನಿಂದ ಉಳಿಯಲ್ಲಿ ಎಬ್ಬಿಸಿ ಯಾರಿಗಾದರೂ ಕೊಟ್ಟರೆ, ಅವರು ಅದನ್ನು ಬಾಯಿಯ ಹತ್ತಿರ ಹಿಡಿದು ಏನು ಹೇಳುತ್ತಾರೋ ಅದನ್ನು ನಮ್ಮ ಮನೆಯ ಹೊಸ್ತಿಲು ಹೇಳುತ್ತದೆ. ಅವರು ಊರಿನ ಆ ತುದಿಯಲ್ಲಿದ್ದರೂ ಸರಿಯೇ. ಯಾರು ಆಡಿದರೂ ಹೊಸ್ತಿಲಿನದು ಒಂದೇ ದನಿ, ನೆಗಡಿಯಾದ ಗಂಡಸಿನ ದನಿ. ನಮ್ಮಜ್ಜಿಯ ಕಾಲದಲ್ಲಿ ಚಕ್ಕೆ ಕೊಡುತ್ತಿದ್ದದ್ದು ಮಗಳ ಅತ್ತೆಮನೆಗೆ ಒಂದು, ಸೂಲಗಿತ್ತಿಗೆ ಒಂದು. ಆಗ ಹೊಸ್ತಿಲು ಮಾತಾಡಿತು ಎಂದರೆ ಮನೆಮಂದಿಯೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬರುತ್ತಿದ್ದರಂತೆ.

ಆಮೇಲೆ ಜನರಿಗೆ ನಡೆಯುವುದು ಬೇಜಾರಾಯಿತು. ರವಿಕೆ ಆಯಿತಾ ಎಂದು ದರ್ಜಿಯ ಅಂಗಡಿಗೆ ದಿನಾ ಅಲೆಯುವ ಬದಲು ಅವನಿಗೊಂದು ಚಕ್ಕೆ ಕೊಟ್ಟುಬಿಟ್ಟರೆ, ಆದಾಗ ಅವನೇ ಹೇಳುತ್ತಾನಲ್ಲ. ದರ್ಜಿಗೂ ಅನುಕೂಲ, ಹೋಗಿ ಬಂದು ಪ್ರಾಣ ತಿನ್ನುವವರು ತಪ್ಪಿದರು. ಹಾಲಿನವನು ಕೇಳಿದ, ಕೊಟ್ಟರು. ಪಡಿತರ ಅಂಗಡಿಯವನು ಕೇಳಿದ, ಕೊಟ್ಟರು. ಪಾತ್ರೆಗೆ ಕಲಾಯಿ ಹಾಕುವವನು ವರ್ಷಕ್ಕೊಂದು ಸಲ ಬರುವವನು, ಅವನಿಗೂ ಕೊಟ್ಟರು. ಚಕ್ಕೆಯನ್ನು ಸೀಳಿದರೆ ಎರಡು ಚಕ್ಕೆಯಾಗುತ್ತದೆ, ಎರಡೂ ಮಾತಾಡುತ್ತವೆ ಎನ್ನುವುದು ಈ ಬುದ್ಧಿವಂತರ ತಲೆಗೆ ಹೊಳೆಯಲೇ ಇಲ್ಲ. ದರ್ಜಿಗೆ ಹೊಳೆಯಿತು. ಅವನು ತನ್ನ ಹತ್ತಿರ ಇದ್ದ ಚಕ್ಕೆಗಳನ್ನೆಲ್ಲ ಸೀಳಿ ಅರ್ಧರ್ಧ ಸೀರೆ ಅಂಗಡಿಗೆ ಮಾರಿದ. ಸೀರೆ ಅಂಗಡಿಯವನು ಮತ್ತೆ ಸೀಳಿ ಬಳೆ ಅಂಗಡಿಗೆ ಕೊಟ್ಟ. ಬೆಳಗಾಗುವುದೇ ತಡ, ನಮ್ಮ ಬೀದಿಯ ಹೊಸ್ತಿಲುಗಳೆಲ್ಲ ಮೂಗಿನಲ್ಲಿ ಶುರುಮಾಡುತ್ತಿದ್ದವು. ಹಬ್ಬಕ್ಕೆ ರಿಯಾಯಿತಿ, ಹಳೇ ಪಾತ್ರೆಗೆ ಹೊಸ ಪಾತ್ರೆ, ಮೂಲವ್ಯಾಧಿಗೆ ಶಾಶ್ವತ ಪರಿಹಾರ. ಮೂಲವ್ಯಾಧಿ ಯಾರಿಗೆ ಎನ್ನುವುದನ್ನೂ ಹೆಸರು ಹಿಡಿದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದವು.

ನಾನು ಕೊಟ್ಟದ್ದು ಎರಡೇ ಚಕ್ಕೆ. ಒಂದು ದರ್ಜಿಗೆ, ಅದೂ ನಾನಲ್ಲ, ನನ್ನ ತಂಗಿ ಚೂಡಾಮಣಿ ಕೊಟ್ಟದ್ದು. ಇನ್ನೊಂದು ಕಣ್ಣಿನ ಆಸ್ಪತ್ರೆಗೆ. ಆ ಎರಡನೆಯದರ ವಿಷಯವನ್ನೇ ಹೇಳಬೇಕಾಗಿರುವುದು.

ಚೂಡಿ ಎಂದೇ ನಾನು ಕರೆಯುವುದು, ಅವಳು ಅಂಗಡಿಗಳಿಗೆ ಬೋರ್ಡು ಬರೆಯುವವಳು. ನಮ್ಮೂರಿನ ಪೇಟೆಯಲ್ಲಿ ನೆಟ್ಟಗಿರುವ ಅಕ್ಷರ ಕಂಡರೆ ಅದು ಅವಳದು ಎಂದು ತಿಳಿಯಬೇಕು. ಎರಡು ವರ್ಷದ ಹಿಂದೆ ಒಂದೊಂದಾಗಿ ಎರಡು ಕಣ್ಣಿಗೂ ಹುಣ್ಣಾಗಿ, ವಾಸಿಯಾಗುವ ಹೊತ್ತಿಗೆ ಕರಿಗುಡ್ಡೆಯ ಮೇಲೆ ಬೆಳ್ಳಗೆ ಕಲೆ ಕಟ್ಟಿ ದೃಷ್ಟಿ ಹೋಯಿತು. ಬೆಳಕು ಬಂದದ್ದು, ಕತ್ತಲಾದದ್ದು ಗೊತ್ತಾಗುತ್ತಿತ್ತು, ಅಷ್ಟೇ. ಸತ್ತವರು ಯಾರಾದರೂ ಕಣ್ಣು ಕೊಟ್ಟರೆ ಅದರ ಮುಂಭಾಗದ ತೆಳು ಪದರ ತೆಗೆದು ಇವಳಿಗೆ ಹೊಲಿಯಬಹುದು, ಮತ್ತೆ ಕಾಣುತ್ತದೆ ಎಂದು ಡಾಕ್ಟರು ಹೇಳಿದರು. ಆದರೆ ನಮ್ಮೂರ ಆಸ್ಪತ್ರೆಯಲ್ಲಿ ಕಣ್ಣನ್ನು ಹೆಚ್ಚು ಹೊತ್ತು ಇಡುವ ಅನುಕೂಲವಿಲ್ಲ. ಬಂದ ದಿನವೇ ಹೊಲಿಯಬೇಕು.

"ನೀವು ಬಂದು ಬಂದು ವಿಚಾರಿಸೋ ಹಾಗಿಲ್ಲ. ಒಂದು ಚಕ್ಕೆ ಕೊಟ್ಟು ಮನೇಲಿರಿ. ಕಣ್ಣು ಬಂದಾಗ ಕರೀತೀವಿ. ಕರೆದಾಗ ಬರಲಿಲ್ಲ ಅಂದ್ರೆ ಮುಂದಿನೋರಿಗೆ ಹೋಗುತ್ತೆ," ಎಂದ ಕಿಟಕಿಯ ಹಿಂದಿನ ಗುಮಾಸ್ತ ಸುಂದರೇಶ.

"ನಮಗಿಂತ ಮುಂದೆ ಯಾರಿದಾರೆ?" ಎಂದೆ.

"ಅದು ಗುಟ್ಟು," ಎಂದ. ಆ ಗುಟ್ಟು ಬೀದಿಗೆಲ್ಲ ಗೊತ್ತಿತ್ತು. ನಮ್ಮ ಬೀದಿಯ ಕೊನೆಯ ಮನೆಯ ಬೋರಲಿಂಗಯ್ಯ, ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಚೂಡಿಗಿಂತ ಒಂದು ವಾರ ಮುಂಚೆ ಚಕ್ಕೆ ಕೊಟ್ಟಿದ್ದರು. ಅವರು ಮೊದಲು, ಇವಳು ಎರಡನೆಯವಳು.

ಅವತ್ತಿನಿಂದ ಹೊಸ್ತಿಲು ಕೆಮ್ಮಿದರೂ ನನಗೆ ಅದು ಆಸ್ಪತ್ರೆಯ ಕರೆಯೇ ಎನ್ನಿಸುತ್ತಿತ್ತು. ಗಿರಣಿ ನಿಲ್ಲಿಸಿ ಓಡಿಬಂದರೆ, ಅದು ಅಪ್ಪಟ ರೇಷ್ಮೆಯಂತೆ ಕಾಣುವ ರೇಷ್ಮೆಯಲ್ಲದ ಸೀರೆಯ ವಿಷಯ ಹೇಳುತ್ತಿರುತ್ತಿತ್ತು. ನಾನು ಅದಕ್ಕೆ ಕಾಲಲ್ಲಿ ಒದೆಯದೆ ಬಿಟ್ಟದ್ದು ಅರಿಶಿನ ಕುಂಕುಮ ಇಟ್ಟ ಹೊಸ್ತಿಲು ಎನ್ನುವ ಒಂದೇ ಕಾರಣಕ್ಕೆ. ಚೂಡಿ ಮಾತ್ರ ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂತು ನಗುತ್ತಿದ್ದಳು.

"ಬಯ್ಯಬೇಡ ಕಣಕ್ಕ ಪಾಪ. ನಂಗೆ ಹೊತ್ತು ಹೋಗೋದೇ ಇದರಿಂದ. ಬಳೆ ಅಂಗಡಿಯೋನು ನಿನ್ನೆಯಿಂದ ಕವನ ಶುರುಮಾಡಿದಾನೆ, ಕೇಳಿದ್ಯಾ?"

"ಆ ಕವನದ ಹಿಂದೆ ಆಸ್ಪತ್ರೆಯೋರು ಕೂಗಿದ್ದು ಕೇಳಿಸದೇ ಹೋದ್ರೆ?"

"ಕೇಳಿಸುತ್ತೆ. ಕಣ್ಣು ತಾನೆ ಹೋಗಿರೋದು, ಕಿವಿ ಅಲ್ವಲ್ಲ," ಎನ್ನುತ್ತಿದ್ದಳು. ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹೊಸ್ತಿಲು, "ಚೂಡಾಮಣಿಯವರಿಗೆ. ಕಣ್ಣಿನ ವಿಷಯ. ಕೂಡಲೇ ಹೊರಟು ಬನ್ನಿ," ಎಂದಿತು. ಕೈ ತೊಳೆಯಲೂ ಇಲ್ಲ. ಅವಳ ರಟ್ಟೆ ಹಿಡಿದು ಬಿಸಿಲಲ್ಲಿ ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಕೈಯನ್ನು ಹಿಂಡಿ ಹಿಡಿದಿದ್ದಳು. ಸುಂದರೇಶ ಕಿಟಕಿಯಿಂದ ನೋಡಿ, "ನಾವು ಕರೆದಿಲ್ವಲ್ಲ," ಎಂದ. ಕರೆದವನು ಆಸ್ಪತ್ರೆ ಎದುರಿನ ಕನ್ನಡಕದ ಅಂಗಡಿಯ ಕಮಲನಾಭ. ದರ್ಜಿಯ ಚಕ್ಕೆ ಸೀಳಿ ಸೀಳಿ ಅವನವರೆಗೂ ಬಂದಿತ್ತು. ಅವನ ಅಂಗಡಿಯ ಬೋರ್ಡನ್ನು ಬರೆದವಳು ಚೂಡಿಯೇ. ನಾನು ಹೋಗಿ ಅವನ ಜನ್ಮ ಜಾಲಾಡಿಸಿದೆ.

"ನಾನೇನ್ ಸುಳ್ಳು ಹೇಳಿದ್ನೇ ಗೌರಮ್ಮ? ವಿಷಯ ಕಣ್ಣಿಂದೇ. ಬನ್ನಿ ಅಂದೆ, ಬಂದ್ರಿ. ತಂಪು ಕನ್ನಡಕ ಬಂದಿದೆ, ನೋಡ್ಕೊಂಡು ಹೋಗಿ," ಎಂದ ಪುಣ್ಯಾತ್ಮ. ಚೂಡಿ ಮನೆಗೆ ಬಂದು ತಣ್ಣಗಾದ ಅನ್ನವನ್ನು ಹಾಗೇ ಮುಂದಿಟ್ಟುಕೊಂಡು ಕೂತಳು. ಅವತ್ತು ಬಳೆ ಅಂಗಡಿಯವನ ಕವನಕ್ಕೂ ನಗಲಿಲ್ಲ.

ಬಡಗಿಯನ್ನು ಕರೆಸಿದೆ. ಅವನು ಹೊಸ್ತಿಲನ್ನು ಕುಟ್ಟಿ ನೋಡಿ, ಇದನ್ನು ಕಿತ್ತು ಹೊಸ ಮರ ಕೂರಿಸಿದರೆ ಹಳೆಯ ಚಕ್ಕೆಗಳೆಲ್ಲ ಅಲ್ಲಲ್ಲೇ ಸಾಯುತ್ತವೆ, ಒಂದೂ ಮಾತಾಡುವುದಿಲ್ಲ ಎಂದ. ನನಗೆ ಕುಣಿಯುವಷ್ಟು ಖುಷಿಯಾಯಿತು. ಆಸ್ಪತ್ರೆಯ ಚಕ್ಕೆಯೂ ಸಾಯುತ್ತದಲ್ಲ ಎಂದು ನೆನಪಿಸಿದವಳು ಚೂಡಿ. ಹೊಸ ಚಕ್ಕೆ ತಂದುಕೊಡುತ್ತೇನೆ ಎಂದು ಸುಂದರೇಶನಿಗೆ ಹೇಳಿದೆ. "ಧಾರಾಳವಾಗಿ ತನ್ನಿ. ಆದ್ರೆ ಹೊಸ ಚಕ್ಕೆ ಅಂದ್ರೆ ಹೊಸ ಅರ್ಜಿ. ಸಾಲಿನ ಕೊನೆಗೆ ಹೋಗ್ತೀರಿ," ಎಂದ. ಕಳ್ಳರನ್ನು ಓಡಿಸಬೇಕಾದರೆ ಮನೆಯವರೂ ಹೊರಗೆ ಹೋಗಬೇಕು ಎನ್ನುವ ಕಾನೂನು. ಬಡಗಿಯನ್ನು ವಾಪಸು ಕಳಿಸಿದೆ.

ಆಗ ಸುಂದರೇಶನೇ ಒಂದು ಉಪಾಯ ಹೇಳಿಕೊಟ್ಟ. ಕೆಟ್ಟವನಲ್ಲ ಅವನು, ಕಿಟಕಿಯ ಹಿಂದೆ ಕೂತು ಕೂತು ಹಾಗಾಗಿದ್ದ. ನಮಗೂ ಅವನಿಗೂ ಮಾತ್ರ ಗೊತ್ತಿರುವ ಒಂದು ಪದ ಇಟ್ಟುಕೊಳ್ಳುವುದು, ಆಸ್ಪತ್ರೆಯಿಂದ ಕರೆದರೆ ಮೊದಲು ಆ ಪದ ಹೇಳುವುದು, ಪದ ಇಲ್ಲದಿದ್ದರೆ ನಾವು ಅಲ್ಲಾಡುವುದೇ ಬೇಡ. ಚೂಡಿ ಅವನ ಕಿವಿಯಲ್ಲಿ "ಬದನೆಕಾಯಿ" ಎಂದಳು. ಸಮಾಧಾನವಾಗಿ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದೇವೆ, ಹೊಸ್ತಿಲು ಗಂಟಲು ಹರಿದುಕೊಂಡಿತು. "ಬದನೆಕಾಯಿ. ಇದು ಆಸ್ಪತ್ರೆಯಿಂದ. ಪದ ಸರಿಯಾಗಿ ತಲುಪುತ್ತಾ ಅಂತ ಪರೀಕ್ಷೆ ಮಾಡ್ತಿದೀವಿ. ಗುಟ್ಟಾಗಿಟ್ಟುಕೊಳ್ಳಿ." ಎದುರುಮನೆಯವರು ಕಿಟಕಿ ತೆಗೆದು ನೋಡಿದರು. ಮಾರನೆಯ ಬೆಳಿಗ್ಗೆ ಕಮಲನಾಭ, "ಬದನೆಕಾಯಿ, ಎರಡು ಕನ್ನಡಕ ಕೊಂಡರೆ ಡಬ್ಬಿ ಉಚಿತ," ಎಂದ. ಬೇರೆ ಪದ ಕೊಡಲು ಹೋದರೆ ಸುಂದರೇಶ, ಅದನ್ನೂ ಒಂದು ಸಲ ಪರೀಕ್ಷೆ ಮಾಡಿಯೇ ಇಟ್ಟುಕೊಳ್ಳಬೇಕು, ನಿಯಮ ಇದೆ ಎಂದ. ನಾನು ಬೇಡಪ್ಪಾ ಎಂದು ಕೈಮುಗಿದು ಬಂದೆ.

ಇಷ್ಟು ಹೊತ್ತಿಗೆ ಊರಿನವರಿಗೂ ತಲೆ ಚಿಟ್ಟು ಹಿಡಿದಿತ್ತು. ಒಬ್ಬರು ಹೊಸ್ತಿಲಿಗೆ ಕಂಬಳಿ ಸುತ್ತಿದರು, ಒಬ್ಬರು ಸಗಣಿ ಮೆತ್ತಿದರು. ಜನ ಹೋಗಿ ಪುರಸಭೆಯ ಮುಂದೆ ಗಲಾಟೆ ಮಾಡಿದರು. ಅಧ್ಯಕ್ಷ ವೃಷಭೇಂದ್ರಪ್ಪ ಪಕ್ಕದೂರಿನಿಂದ ತಜ್ಞರನ್ನು ಕರೆಸಿ, ಅವರಿಗೆ ಹೋಳಿಗೆ ಊಟ ಹಾಕಿಸಿ, ಒಂದು ಎಣ್ಣೆ ತರಿಸಿದ. ಪುರಸಭೆಯವರು ಮನೆಮನೆಗೂ ಬಂದು ಹೊಸ್ತಿಲಿಗೆ ಆ ಎಣ್ಣೆ ಬಳಿದು ಹೋದರು. ಅಂದಿನಿಂದ ಹೊಸ್ತಿಲು ಯಾರ ಮಾತನ್ನೂ ನೇರವಾಗಿ ಹೇಳುವಂತಿಲ್ಲ. ಮೊದಲು, "ಇಂಥವರಿಂದ ಒಂದು ಮಾತಿದೆ, ಹೇಳಲೇ?" ಎಂದು ಮನೆಯವರ ಅಪ್ಪಣೆ ಕೇಳಬೇಕು. ಮನೆಯವರು "ಹೇಳು" ಎಂದರೆ ಹೇಳುತ್ತದೆ. "ಬೇಡ" ಎಂದರೆ ಆ ಕಡೆ ಹಿಡಿದವರ ಕೈಯಲ್ಲಿ ಚಕ್ಕೆ ತಣ್ಣಗಾಗುತ್ತದೆ. ಹೇಳಿದ್ದು ಕೇಳಿಸಿದ ಮೇಲೆ ಮನೆಯವರು ಹೊಸ್ತಿಲನ್ನು ಮೆಟ್ಟಿ "ಕೇಳಿಸಿತು" ಎನ್ನಬೇಕು, ಆಗ ಚಕ್ಕೆ ಬೆಚ್ಚಗಾಗುತ್ತದೆ. ಹೊಸ್ತಿಲು ಮೆಟ್ಟುವುದುಂಟೇ ಎಂದು ಹಿರಿಯರು ಎದ್ದರು. ಹೆಬ್ಬೆರಳು ತಾಗಿಸಿದರೂ ಸಾಕು, ಮೆಟ್ಟಿದ ಹಾಗಾಗುವುದಿಲ್ಲ ಎಂದು ಪುರೋಹಿತರಿಂದ ಒಪ್ಪಿಗೆ ಬರೆಸಿ ತಂದದ್ದಾಯಿತು. ಪುರಸಭೆಯ ಮಾತಿಗೆ ಮಾತ್ರ ಅಪ್ಪಣೆ ಬೇಕಿಲ್ಲ. ವೃಷಭೇಂದ್ರಪ್ಪನ ಹುಟ್ಟುಹಬ್ಬದ ಶುಭಾಶಯವನ್ನು, ಅಂದರೆ ಅವನಿಗೆ ಅವನೇ ಹೇಳಿಕೊಂಡದ್ದನ್ನು, ನಾವೆಲ್ಲ ಅಪ್ಪಣೆ ಕೊಡದೆಯೇ ಕೇಳಿದೆವು.

ಮೊದಲು ಹೊಸ್ತಿಲುಗಳು ಹೇಳಿ ಹೇಳಿ ಸಾಯಿಸುತ್ತಿದ್ದವು, ಈಗ ಕೇಳಿ ಕೇಳಿ. ಹೇಳಲೇ, ಹೇಳಲೇ, ಹೇಳಲೇ. ಹೆಂಗಸರು ರೊಟ್ಟಿ ತಟ್ಟುತ್ತಾ ಬೇಡ, ಮಗುವಿಗೆ ಎಣ್ಣೆ ಹಚ್ಚುತ್ತಾ ಬೇಡ, ಜಗಳದ ಮಧ್ಯೆ ಉಸಿರೆಳೆದುಕೊಳ್ಳುವಾಗ ಬೇಡ. ಹೆಸರು ಪೂರ್ತಿ ಬರುವವರೆಗೂ ಯಾರೂ ಕಾಯುತ್ತಿರಲಿಲ್ಲ. ಅಂಗಡಿಯವರು ಸುಮ್ಮನಿರುತ್ತಾರೆಯೇ? ಹೆಸರು ಬದಲಾಯಿಸಿಕೊಂಡರು. ಬಳೆ ಅಂಗಡಿಯವನು "ನಿಮ್ಮ ತವರಿನವರು" ಆದ. ಕಮಲನಾಭ "ಕಣ್ಣಿನ ಆಸ್ಪತ್ರೆ ಎದುರಿನವರು" ಆದ.

ಬೋರಲಿಂಗಯ್ಯನವರೊಬ್ಬರಿಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. ಜಗುಲಿಯ ಮೇಲೆ ಕೂತು, ಕಾಣದ ಕಣ್ಣಲ್ಲೇ ಬೀದಿಯ ಕಡೆ ನೋಡುತ್ತಾ, "ಹೇಳ್ತಾರೆ ಕಣಮ್ಮ. ಸರದಿ ಬಂದಾಗ ಕರೀದೇ ಎಲ್ಲಿಗೆ ಹೋಗ್ತಾರೆ? ನಾನು ಯಾವತ್ತಾದ್ರೂ ಸ್ಟಾಪ್ ಬಂದಾಗ ಕೂಗದೇ ಬಿಟ್ಟಿದ್ನಾ?" ಎನ್ನುತ್ತಿದ್ದರು. ಮೊಮ್ಮಗನ ಮುಖವನ್ನು ಅವರು ನೋಡಿರಲಿಲ್ಲ. ತಡಕಿ ತಡಕಿ ಮೂಗು ತಮ್ಮದೇ ಎಂದು ತೀರ್ಮಾನಿಸಿದ್ದರು.

ನನಗೆ ಅಷ್ಟು ನಂಬಿಕೆ ಎಲ್ಲಿಂದ ಬರಬೇಕು? ಯಾರಾದರೂ ಬೇಡ ಎಂದುಬಿಟ್ಟರೆ, ಹಿತ್ತಲಿನಲ್ಲಿದ್ದು ಕೇಳಿಸದೇ ಹೋದರೆ, ಇದೇ ಯೋಚನೆ. ಹೋಗಿ ಆಸ್ಪತ್ರೆಯ ಕಿಟಕಿಯ ಮುಂದೆಯೇ ಕೂತುಬಿಡೋಣವೆಂದರೆ, ಸುಂದರೇಶ ಎದುರಿಗೆ ನಿಂತವರಿಗೆ ಹೇಳುವುದಿಲ್ಲ. ಹೊಸ್ತಿಲಿಗೇ ಹೇಳಬೇಕು, ಹೊಸ್ತಿಲಿಂದಲೇ "ಕೇಳಿಸಿತು" ಬರಬೇಕು, ಚಕ್ಕೆ ಬೆಚ್ಚಗಾಗಬೇಕು. "ನಾನು ಇಲ್ಲೇ ಇದೀನಲ್ಲಯ್ಯ, ನಿನ್ನ ಮೂಗಿನ ಕೆಳಗೆ," ಎಂದರೆ, "ನೀವು ಇದೀರಿ ಅಂತ ನಿಮ್ಮ ಹೊಸ್ತಿಲು ಹೇಳಬೇಕು," ಎಂದ.

ಸರಿ ಹಾಗಾದರೆ ಎಂದು ಮನೆಗೆ ಬಂದವಳೇ ಬಡಗಿಯನ್ನು ಮತ್ತೆ ಕರೆಸಿದೆ. ಹೊಸದು ಬೇಡ, ಇರುವುದನ್ನೇ ಸೀಳದ ಹಾಗೆ ಎಬ್ಬಿಸು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಬೆಳಗಿನ ಹೊತ್ತಿಗೆ ನಾನು ಒಂದು ತುದಿ, ಚೂಡಿ ಒಂದು ತುದಿ ಹಿಡಿದುಕೊಂಡು ಪೇಟೆಯ ನಡುವೆ ನಮ್ಮ ಹೊಸ್ತಿಲನ್ನು ಹೊತ್ತು ನಡೆದೆವು. ದಾರಿಯಲ್ಲೂ ಅದು ಹೇಳಲೇ ಹೇಳಲೇ ಎನ್ನುತ್ತಲೇ ಇತ್ತು, ಚೂಡಿ ಬೇಡ ಬೇಡ ಎನ್ನುತ್ತಾ ಬಂದಳು. ಆಸ್ಪತ್ರೆಯ ಜಗುಲಿಯ ಮೇಲೆ, ಸುಂದರೇಶನ ಕಿಟಕಿಯ ಕೆಳಗೆ ಅದನ್ನಿಟ್ಟು ಅಕ್ಕಪಕ್ಕ ಕೂತೆವು. ಹೊಸ್ತಿಲನ್ನು ಮನೆಯಲ್ಲೇ ಇಡಬೇಕು ಎಂದು ಎಲ್ಲೂ ಬರೆದಿರಲಿಲ್ಲ, ಅವನು ಹುಡುಕಿ ನೋಡಿದ. ವಾರ ಕಳೆಯುವುದರೊಳಗೆ ಇನ್ನೂ ನಾಲ್ಕಾರು ಜನ ತಮ್ಮ ತಮ್ಮ ಹೊಸ್ತಿಲು ಹೊತ್ತು ತಂದು ಕೂತರು. ಗಿರಣಿಯನ್ನು ಸಂಜೆ ಮಾತ್ರ ತೆರೆಯತೊಡಗಿದೆ. ಹೊಸ್ತಿಲಿಲ್ಲದ ಬಾಗಿಲಿನ ಅಡಿಯಿಂದ ಬೀದಿಯ ಕೋಳಿಗಳು ನುಗ್ಗಿ ಹಿಟ್ಟು ತಿಂದು ದಪ್ಪಗಾದವು. ಬೋರಲಿಂಗಯ್ಯನವರಿಗೂ ಹೇಳಿದೆ, ಹೊಸ್ತಿಲು ತಂದು ಇಲ್ಲೇ ಕೂತುಕೊಳ್ಳಿ ಎಂದು. ಅವರು ನಕ್ಕು, "ಎಲ್ಲರೂ ಡ್ರೈವರ್ ಪಕ್ಕದಲ್ಲೇ ಕೂತರೆ ಹೇಗಮ್ಮ?" ಎಂದರು.

ಕಣ್ಣು ಬಂದದ್ದು ಒಂದು ಸೋಮವಾರ, ಅದೂ ಒಂದೇ ಕಣ್ಣು, ಅದರ ಜೊತೆಯದು ಹೊಲಿಯಲು ಬರುವಂತಿರಲಿಲ್ಲವಂತೆ. ಒಳಗೆ ಓಡಾಟ ಶುರುವಾದದ್ದನ್ನು ನೋಡಿಯೇ ನಮಗೆಲ್ಲ ತಿಳಿಯಿತು. ಸುಂದರೇಶ ಡಬ್ಬಿಯಿಂದ ಒಂದು ಚಕ್ಕೆ ತೆಗೆದು ಬಾಯಿಯ ಹತ್ತಿರ ಹಿಡಿದದ್ದು ಕಿಟಕಿಯಿಂದ ಕಾಣುತ್ತಿತ್ತು. "ಕಣ್ಣಿನ ಆಸ್ಪತ್ರೆಯಿಂದ, ಬೋರಲಿಂಗಯ್ಯನವರಿಗೆ," ಎಂದ. ಕಾದ. ಆಮೇಲೆ ಚಕ್ಕೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ತಣ್ಣಗಾಯ್ತು. ಬೇಡ ಅಂದ್ರು," ಎಂದು ತನಗೆ ತಾನೇ ಹೇಳಿಕೊಂಡು ಇನ್ನೊಂದು ಚಕ್ಕೆ ತೆಗೆದ. ನಮ್ಮಿಬ್ಬರ ನಡುವೆ ಇದ್ದ ಹೊಸ್ತಿಲು, "ಕಣ್ಣಿನ ಆಸ್ಪತ್ರೆಯವರಿಂದ ಒಂದು ಮಾತಿದೆ, ಹೇಳಲೇ?" ಎಂದಿತು.

"ಹೇಳು," ಎಂದೆ.

"ಕಣ್ಣು ಬಂದಿದೆ. ಚೂಡಾಮಣಿಯವರು ಕೂಡಲೇ ಬರಬೇಕು."

ಚೂಡಿ ಎದ್ದು ನಿಂತಳು. ಆದರೆ ಹೊಸ್ತಿಲಿಗೆ ಕಾಲು ತಾಗಿಸಲಿಲ್ಲ. ಕಿಟಕಿಯ ಕಡೆ ತಿರುಗಿ, "ಬೋರಲಿಂಗಯ್ಯನೋರು ಬೇಡ ಅಂದಿರಲ್ಲ ಕಣ್ರೀ. ಮನೇಲಿ ಯಾರೋ ಗೊತ್ತಿಲ್ದೆ ಅಂದಿದಾರೆ," ಎಂದಳು.

"ಯಾರಂದ್ರು ಅಂತ ಹೊಸ್ತಿಲು ನೋಡಲ್ಲಮ್ಮ. ಬೇಡ ಅಂದ್ರೆ ಬೇಡ. ಅವರೇ ಖುದ್ದಾಗಿ ಬಂದು ನಾನು ಬೇಡ ಅಂದಿಲ್ಲ ಅಂತ ಅಂದ್ರೆ ಡಾಕ್ಟರು ಯೋಚನೆ ಮಾಡಿದ್ರೂ ಮಾಡಬಹುದು."

"ಹಾಗಾದ್ರೆ ನಾನು ಹೋಗಿ ಕರ್ಕೊಂಡು ಬರ್ತೀನಿ. ಅಕ್ಕ, ನಡಿ."

"ನಿಮ್ಮ ಚಕ್ಕೆ ಎಷ್ಟು ಹೊತ್ತು ಹಿಡ್ಕೊಂಡಿರ್ಲಿ? ಬೆಚ್ಚಗಾಗಲಿಲ್ಲ ಅಂದ್ರೆ ಮುಂದಿನೋರನ್ನ ಕರೀಬೇಕು ನಾನು. ಅವರೂ ಇಲ್ಲೇ ಕೂತಿದಾರೆ," ಎಂದ ಸುಂದರೇಶ. ಮೂರನೆಯವನು ಆಗಲೇ ತನ್ನ ಹೊಸ್ತಿಲ ಪಕ್ಕ ಎದ್ದು ನಿಂತು ಚಪ್ಪಲಿ ಬಿಡುತ್ತಿದ್ದ.

"ಅಕ್ಕ, ನಡಿ ಅಂದೆ," ಎಂದಳು ಚೂಡಿ.

ನಾನು ನಡೆಯಲಿಲ್ಲ. ಚಪ್ಪಲಿ ಬಿಟ್ಟು ಹೆಬ್ಬೆರಳನ್ನು ಹೊಸ್ತಿಲಿಗೆ ತಾಗಿಸಿ, "ಕೇಳಿಸಿತು," ಎಂದೆ. ಹೊಸ್ತಿಲಿಗೆ ನಾನಾದರೇನು, ಅವಳಾದರೇನು. ಒಳಗೆ ಸುಂದರೇಶ, "ಬೆಚ್ಚಗಾಯ್ತು," ಎಂದ. ಚೂಡಿ ನನ್ನ ದನಿ ಬಂದ ಕಡೆ ಮುಖ ತಿರುಗಿಸಿ ನಿಂತುಬಿಟ್ಟಳು. ನರ್ಸು ಬಂದು ಕೈ ಹಿಡಿದಳು. ಇಲ್ಲ, ಬರಲ್ಲ ಎಂದು ಇವಳು ಒಂದು ಮಾತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ, ಅಳುತ್ತಾ ಒಳಗೆ ಹೋದಳು. ನಾನು ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸಿಲ್ಲ. ನಾಳೆ ಮತ್ತೆ ಅದೇ ಗಳಿಗೆ ಬಂದರೂ ಹೆಬ್ಬೆರಳು ತಾಗಿಸುತ್ತೇನೆ.

ಒಂದು ಕಣ್ಣಿಗೆ ಹೊಲಿದರು. ಪಟ್ಟಿ ಬಿಚ್ಚಿದಾಗ ಅವಳು ಮೊದಲು ಗೋಡೆಯ ಮೇಲಿದ್ದ 'ಉಗುಳಬಾರದು' ಎನ್ನುವ ಬೋರ್ಡನ್ನು ಓದಿ, ಕೊಂಬು ಸೊಟ್ಟಗಿದೆ ಎಂದಳು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಆಮೇಲೆ ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು.

ಮನೆಗೆ ಬಂದ ದಿನವೇ ಬೋರಲಿಂಗಯ್ಯನವರ ಮನೆಗೆ ಹೊರಟಳು. ನಾನೂ ಹೋದೆ. ಬೇಡ ಎಂದವಳು ಅವರ ಸೊಸೆ. "ಕಣ್ಣಿನ ಆಸ್ಪತ್ರೆ ಅಂತ ಶುರುವಾಯ್ತು, ಎದುರಿನವರು ಇರಬೇಕು ಅಂದ್ಕೊಂಡೆ. ದಿನಕ್ಕೆ ಎಷ್ಟು ಸಲ ಅಂತ ಕೇಳಲಿ, ಕೈಲಿ ಮಗು ಬೇರೆ," ಎಂದು ಬಾಯಿಗೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು. ಬೋರಲಿಂಗಯ್ಯನವರು ಚೂಡಿಯ ಕೈ ಹಿಡಿದುಕೊಂಡು, "ಒಂದು ಬಸ್ಸು ತಪ್ಪಿತು, ಇನ್ನೊಂದು ಬರುತ್ತೆ. ಹೇಳ್ತಾರೆ ಬಿಡಮ್ಮ," ಎಂದರು. ಮೊಮ್ಮಗ ಅವರ ಹೆಗಲ ಮೇಲೆ ಮಲಗಿದ್ದ. ಮೂಗು ಅವರದಲ್ಲ, ಸೊಸೆಯದು. ಚೂಡಿ ಮಗುವನ್ನು ನೋಡಿದಳು, ಅವರನ್ನು ನೋಡಿದಳು, ಬಾಯಿ ಬಿಡಲಿಲ್ಲ.

ಈಗ ಅವಳು ದಿನಾ ಬೆಳಿಗ್ಗೆ ಬಣ್ಣದ ಡಬ್ಬಿ ಹಿಡಿದು ಹೊರಟಾಗ ಮೊದಲು ಆಸ್ಪತ್ರೆಯ ಕಿಟಕಿಗೆ ಹೋಗಿ, ಬೋರಲಿಂಗಯ್ಯನವರಿಗೆ ಕಣ್ಣು ಬಂತೇ ಎಂದು ವಿಚಾರಿಸುತ್ತಾಳೆ. ಮಧ್ಯಾಹ್ನ ಊಟಕ್ಕೆ ಬರುವಾಗ ಇನ್ನೊಂದು ಸಲ, ಸಂಜೆ ಮತ್ತೊಂದು ಸಲ. ಬೆಳಗಿನ ಹೊತ್ತು ನಾನೂ ಅವಳ ಹಿಂದೆ ಹೋಗಿ ನಿಂತಿರುತ್ತೇನೆ. ಅಲ್ಲಿ ಮಾತ್ರ ನಾನು ಬಾಯಿ ತೆರೆಯುವುದಿಲ್ಲ. ಮೊನ್ನೆ ಸುಂದರೇಶ ತಾಳ್ಮೆಗೆಟ್ಟು, "ಬಂದ್ರೆ ಅವರ ಹೊಸ್ತಿಲಿಗೇ ಹೇಳ್ತೀವಲ್ಲಮ್ಮ, ನೀವ್ಯಾಕೆ ಅಲೀತೀರಿ?" ಎಂದ.

"ಹೋದ ಸಲಾನೂ ಅವರ ಹೊಸ್ತಿಲಿಗೇ ಹೇಳಿದ್ರಿ," ಎಂದಳು ಚೂಡಿ. "ಕೇಳಿಸಿದ್ದು ನನಗೆ."